ಹೂವು ಕಟ್ಟೋ ಅಕ್ಕ ಯಾವ ಲೆಕ್ಕಕ್ಕೆ? ಬೆಂಗಳೂರಿನ ನಿರುದ್ಯೋಗದ ಅಂಕಿ ಓದುವ ಬಗೆ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಹನ್ನೊಂದು ವರ್ಷ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದರು. ಶರ್ಟಿಗೆ ಕಾಲರ್ ಕೂರಿಸುವುದು ಅವರ ಕೆಲಸ. ಕಳೆದ ವರ್ಷ ಆರ್ಡರ್ ಇಲ್ಲ ಅಂತ ಫ್ಯಾಕ್ಟರಿಯವರು ಅವರ ಲೈನನ್ನೇ ನಿಲ್ಲಿಸಿದರು. ಈಗ ಬೆಳಿಗ್ಗೆ ಆರಕ್ಕೆ ಒಬ್ಬರು ಸ್ಕೂಟರಲ್ಲಿ ಬಂದು ಬಿಡಿ ಹೂವು, ದಾರದ ಉಂಡೆ ಕೊಟ್ಟು ಹೋಗುತ್ತಾರೆ. ಅಕ್ಕ ಬಾಗಿಲ ಹತ್ತಿರ ಮೊರ ಇಟ್ಟುಕೊಂಡು ಕೂತು ಕಟ್ಟುತ್ತಾರೆ. ಎಡಗೈಯಲ್ಲಿ ಎರಡೆರಡು ಹೂವು, ಬಲಗೈಯಲ್ಲಿ ದಾರ. ಬೆರಳ ತುದಿ ಯಾವಾಗಲೂ ಒದ್ದೆ. ಕಟ್ಟಿದಷ್ಟಕ್ಕೆ ದುಡ್ಡು.

"ಈಗೇನು ಕೆಲಸ ಅಕ್ಕಾ?" ಅಂತ ಯಾರಾದರೂ ಕೇಳಿದರೆ ಅವರು ಹೇಳುವುದು ಒಂದೇ: "ಕೆಲಸ ಎಲ್ಲಿ, ಮನೇಲೇ ಇದೀನಿ."

ಅವರ ಲೆಕ್ಕದಲ್ಲಿ ಅವರಿಗೆ ಕೆಲಸ ಇಲ್ಲ. ಸರ್ಕಾರದ ಸಮೀಕ್ಷೆಯ ನಿಯಮದ ಪ್ರಕಾರ ಅವರಿಗೆ ಕೆಲಸ ಇದೆ. ಈ ಎರಡರ ನಡುವೆ ಇರುವ ಅಂತರ ಗೊತ್ತಾಗದೆ ನಗರದ ನಿರುದ್ಯೋಗದ ಅಂಕಿಯನ್ನು ಓದುವುದು ಕಷ್ಟ. ಪೇಪರಲ್ಲಿ "ನಿರುದ್ಯೋಗ ಇಳಿಕೆ" ಅಂತ ಬಂದ ದಿನವೇ ನಮ್ಮ ಬೀದಿಯಲ್ಲಿ ಮೂರು ಜನ ಕೆಲಸ ಹುಡುಕುತ್ತಿರುತ್ತಾರೆ. ಪೇಪರಿನವರು ಸುಳ್ಳು ಬರೆದಿಲ್ಲ. ಆದರೆ ಅವರು ಬರೆದ ಅಂಕಿ ನಾವು ಅಂದುಕೊಂಡದ್ದನ್ನು ಅಳೆಯುತ್ತಿಲ್ಲ.

ಯಾರನ್ನು ನಿರುದ್ಯೋಗಿ ಅನ್ನುತ್ತಾರೆ?

ನಮ್ಮ ದೇಶದಲ್ಲಿ ಇದನ್ನು ಅಳೆಯುವುದು ರಾಷ್ಟ್ರೀಯ ಸಾಂಖ್ಯಿಕ ಕಚೇರಿ. 2017ರಿಂದ ನಡೆಯುತ್ತಿರುವ ಈ ಕಾರ್ಮಿಕ ಬಲ ಸಮೀಕ್ಷೆಗೆ ಪಿಎಲ್‌ಎಫ್‌ಎಸ್ ಅಂತ ಕರೆಯುತ್ತಾರೆ. ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವ ಲೆಕ್ಕ ಇದು.

ಇದರಲ್ಲಿ ಜನರು ಮೂರು ಗುಂಪಾಗುತ್ತಾರೆ. ಕೆಲಸ ಮಾಡುತ್ತಿರುವವರು ಒಂದು. ಕೆಲಸ ಇಲ್ಲದೆ ಹುಡುಕುತ್ತಿರುವವರು, ಅಥವಾ ಸಿಕ್ಕರೆ ಮಾಡೋಕೆ ತಯಾರಿರುವವರು ಇನ್ನೊಂದು. ಕೆಲಸವೂ ಇಲ್ಲ, ಬೇಕು ಅಂತಲೂ ಹೇಳದವರು ಮೂರನೆಯದು. ಓದುತ್ತಿರುವವರು, ಮನೆ ನೋಡಿಕೊಳ್ಳುವವರು, ವಯಸ್ಸಾದವರು ಇಲ್ಲಿ ಬರುತ್ತಾರೆ. ಮೊದಲ ಎರಡು ಗುಂಪು ಸೇರಿದರೆ ಕಾರ್ಮಿಕ ಬಲ. ನಿರುದ್ಯೋಗ ಪ್ರಮಾಣ ಅಂದರೆ ಈ ಕಾರ್ಮಿಕ ಬಲದಲ್ಲಿ ಎರಡನೇ ಗುಂಪಿನವರು ನೂರಕ್ಕೆ ಎಷ್ಟು ಅಂತ. ಊರಿನ ಒಟ್ಟು ಜನರಲ್ಲಿ ಎಷ್ಟು ಅಂತ ಅಲ್ಲ. ಮೂರನೇ ಗುಂಪು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಒಂದು ವಠಾರ ಇದೆ ಅಂದುಕೊಳ್ಳಿ. 15 ವರ್ಷ ದಾಟಿದವರು 50 ಜನ. ಅದರಲ್ಲಿ 25 ಜನ ಓದುವವರು, ಮನೆಯಲ್ಲಿರುವವರು, ವಯಸ್ಸಾದವರು. ಉಳಿದ 25 ಜನರಲ್ಲಿ 23 ಜನರಿಗೆ ಕೆಲಸ ಇದೆ, ಇಬ್ಬರು ಹುಡುಕುತ್ತಿದ್ದಾರೆ. 25ಕ್ಕೆ 2, ಅಂದರೆ ನಿರುದ್ಯೋಗ ಶೇ 8.

ಹತ್ತಿರದ ಫ್ಯಾಕ್ಟರಿ ಮುಚ್ಚಿತು. ವಠಾರದ ಐದು ಹೆಣ್ಣುಮಕ್ಕಳ ಕೆಲಸ ಹೋಯಿತು. ಅವರಲ್ಲಿ ಮೂವರು "ಸಾಕು, ಮಕ್ಕಳನ್ನಾದರೂ ನೋಡ್ಕೋತೀನಿ" ಅಂತ ಮನೆಯಲ್ಲೇ ಉಳಿದರು. ಇಬ್ಬರು ಬೇರೆ ಫ್ಯಾಕ್ಟರಿಗಳ ಗೇಟಿಗೆ ಅಲೆದರು. ಈಗ ಹುಡುಕುವವರು 4, ಕಾರ್ಮಿಕ ಬಲ 22. ನಿರುದ್ಯೋಗ ಶೇ 18 ದಾಟಿತು. ಆರು ತಿಂಗಳು ಅಲೆದು ಆ ಇಬ್ಬರೂ ಬೇಸತ್ತು ಸುಮ್ಮನಾದರು. ಈಗ ಹುಡುಕುವವರು 2, ಕಾರ್ಮಿಕ ಬಲ 20. ನಿರುದ್ಯೋಗ ಶೇ 10ಕ್ಕೆ ಇಳಿಯಿತು.

ಒಂದೇ ಒಂದು ಹೊಸ ಕೆಲಸ ಹುಟ್ಟಲಿಲ್ಲ. ಆದರೂ 18ರಿಂದ 10ಕ್ಕೆ ಬಂತು, ಅಲ್ವಾ?

ಆದ್ದರಿಂದ ನಾನು ನಿರುದ್ಯೋಗ ಪ್ರಮಾಣ ನೋಡುವ ಮೊದಲು ಇನ್ನೊಂದು ಅಂಕಿ ನೋಡುತ್ತೇನೆ. ಒಟ್ಟು ಜನರಲ್ಲಿ ಕೆಲಸ ಮಾಡುತ್ತಿರುವವರು ನೂರಕ್ಕೆ ಎಷ್ಟು ಅನ್ನುವುದು. ವಠಾರದಲ್ಲಿ ಅದು ಮೊದಲು 50ಕ್ಕೆ 23, ಶೇ 46. ಫ್ಯಾಕ್ಟರಿ ಮುಚ್ಚಿದ ಮೇಲೆ 50ಕ್ಕೆ 18, ಶೇ 36. ಆರು ತಿಂಗಳಾದ ಮೇಲೂ ಶೇ 36. ಯಾರು ಹುಡುಕಲಿ, ಯಾರು ಬಿಡಲಿ, ಇದು ಹಾಗೇ ನಿಂತಿರುತ್ತದೆ. ಇದೂ ಅದೇ ವರದಿಯಲ್ಲಿ ಇರುತ್ತದೆ. ಟಿವಿಯವರು ಓದುವುದಿಲ್ಲ ಅಷ್ಟೇ.

ನಗರದ ಹೆಣ್ಣುಮಕ್ಕಳ ವಿಷಯದಲ್ಲಂತೂ ಇದನ್ನು ಮರೆಯಲೇಬಾರದು. 2023-24ರ ಪಿಎಲ್‌ಎಫ್‌ಎಸ್ ಪ್ರಕಾರ ದೇಶದ ನಗರಗಳಲ್ಲಿ 15 ದಾಟಿದ ಮಹಿಳೆಯರಲ್ಲಿ ಕಾರ್ಮಿಕ ಬಲದಲ್ಲಿ ಇದ್ದವರು ಶೇ 28 ಮಾತ್ರ. ಉಳಿದವರನ್ನು ನಿರುದ್ಯೋಗಿಗಳು ಅಂತ ಯಾರೂ ಎಣಿಸುವುದಿಲ್ಲ. ಅವರಲ್ಲಿ ಎಷ್ಟೋ ಜನ ಬಸ್ಸಿಗೆ ದುಡ್ಡು, ಮಗುವನ್ನು ಬಿಡೋಕೆ ಜಾಗ, ಕತ್ತಲಾಗುವ ಮೊದಲು ಮನೆ ಸೇರುವ ದಾರಿ, ಇವಿಷ್ಟು ಇದ್ದಿದ್ದರೆ ನಾಳೆಯೇ ಹೊರಡುತ್ತಿದ್ದರು. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲದ ಶಕ್ತಿ ಯೋಜನೆ ಬಂದಾಗ ನಮ್ಮ ಬೀದಿಯಲ್ಲಿ ಹೆಂಗಸರು ಮಾತಾಡಿಕೊಂಡದ್ದು ದೇವಸ್ಥಾನದ ಪ್ರವಾಸದ ಬಗ್ಗೆ ಮಾತ್ರ ಅಲ್ಲ. ಎರಡು ಬಸ್ ಬದಲಿಸಿ ಹೋಗುವ ದೂರದ ಕೆಲಸವೂ ಇನ್ನು ಗಿಟ್ಟುತ್ತದೆ ಅನ್ನುವುದನ್ನೂ.

ವಾರದ ಅಳತೆ, ವರ್ಷದ ಅಳತೆ

ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ ಅಂತ ಜನ ಗೊಂದಲಪಡುವುದಕ್ಕೆ ದೊಡ್ಡ ಕಾರಣ ಇದು. ಒಂದೇ ಸಮೀಕ್ಷೆಯಲ್ಲಿ ಎರಡು ಅಳತೆಗೋಲು ಇವೆ.

ವರ್ಷದ ಅಳತೆಯಲ್ಲಿ ಕಳೆದ 365 ದಿನದಲ್ಲಿ ಹೆಚ್ಚಿನ ಕಾಲ ಏನು ಮಾಡಿದಿರಿ ಅಂತ ನೋಡುತ್ತಾರೆ. ಹೆಚ್ಚಿನ ಕಾಲ ಕೆಲಸ ಇರಲಿಲ್ಲ, ಆದರೆ ಒಟ್ಟು 30 ದಿನವಾದರೂ ಏನೋ ಒಂದು ದುಡಿಮೆ ಮಾಡಿದ್ದೀರಿ ಅಂದರೂ ಕೆಲಸ ಇರುವವರ ಸಾಲಿಗೆ ಸೇರುತ್ತೀರಿ. ವಾರದ ಅಳತೆಯಲ್ಲಿ ಕಳೆದ 7 ದಿನದ ಲೆಕ್ಕ. ಆ ವಾರದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೆ ಸಾಕು, ನೀವು ಉದ್ಯೋಗಿ. ಒಂದು ಗಂಟೆ ಅನ್ನುವುದನ್ನು ಕೇಳಿದವರು ಸಾಮಾನ್ಯವಾಗಿ ಸಿಟ್ಟಾಗುತ್ತಾರೆ. ಇದು ನಮ್ಮವರೇ ಮಾಡಿಕೊಂಡ ನಿಯಮ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒಂದು ಗಂಟೆಯ ನಿಯಮವನ್ನೇ ಬೇರೆ ಬೇರೆ ದೇಶಗಳೂ ಪಾಲಿಸುತ್ತವೆ. ಎಷ್ಟು ಚಿಕ್ಕ ದುಡಿಮೆಯಾದರೂ ದೇಶದ ಲೆಕ್ಕದಿಂದ ತಪ್ಪಿಹೋಗಬಾರದು ಅನ್ನುವುದು ಅದರ ಉದ್ದೇಶ. ಆದರೆ ಸಂಬಳ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ಎಲ್ಲ ಇರುವ ಕೆಲಸ ಜಾಸ್ತಿ ಇರುವ ದೇಶದಲ್ಲಿ ಈ ನಿಯಮ ಒಂದು ಚಿತ್ರ ಕೊಡುತ್ತದೆ. ಕೂಲಿ, ಬಿಡಿ ಕೆಲಸ ತುಂಬಿರುವ ನಮ್ಮಲ್ಲಿ ಬೇರೆಯದೇ ಚಿತ್ರ ಕೊಡುತ್ತದೆ.

ಹೂವು ಕಟ್ಟುವ ಅಕ್ಕ ದಿನಕ್ಕೆ ನಾಲ್ಕೈದು ಗಂಟೆ ಕೂರುತ್ತಾರೆ. ಎರಡೂ ಅಳತೆಯಲ್ಲಿ ಅವರು ಉದ್ಯೋಗಿ. ಅದೂ ಕೇಳುವವರು ತಾಳ್ಮೆಯಿಂದ ಕೇಳಿದರೆ. "ಕೆಲಸ ಏನಮ್ಮಾ?" ಅಂದರೆ "ಇಲ್ಲ ಸಾರ್" ಅನ್ನುವ ಉತ್ತರ. "ಹೂವು ಕಟ್ಟೋದು, ಊದುಬತ್ತಿ ಹೊಸೆಯೋದು, ಬಟ್ಟೆಗೆ ಗುಂಡಿ ಹಾಕೋದು ಏನಾದ್ರೂ ಮಾಡ್ತೀರಾ?" ಅಂದರೆ "ಅದಾ, ಅದು ಮಾಡ್ತೀನಿ" ಅನ್ನುವ ಉತ್ತರ. ಕೇಳುವ ರೀತಿ ಬದಲಾದರೆ ಒಬ್ಬರೇ ಮನುಷ್ಯರು ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುತ್ತಾರೆ.

ಎರಡು ಅಳತೆ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ 2020 ನೋಡಿ. ಲಾಕ್‌ಡೌನ್ ಇದ್ದ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ನಗರಗಳ ನಿರುದ್ಯೋಗ ವಾರದ ಅಳತೆಯಲ್ಲಿ ಶೇ 20.8. ಅದರ ಹಿಂದಿನ ಮೂರು ತಿಂಗಳಲ್ಲಿ ಶೇ 9.1 ಇತ್ತು. ಒಂದೇ ಏಟಿಗೆ ಎರಡು ಪಟ್ಟು ದಾಟಿತು. ಆದರೆ 2019ರ ಜುಲೈನಿಂದ 2020ರ ಜೂನ್‌ವರೆಗಿನ ವರ್ಷದ ಅಳತೆಯಲ್ಲಿ, ಹಳ್ಳಿ ನಗರ ಎಲ್ಲ ಸೇರಿ, ದೇಶದ ನಿರುದ್ಯೋಗ ಶೇ 4.8. ಅದರ ಹಿಂದಿನ ವರ್ಷ ಶೇ 5.8 ಇತ್ತು. ಲಾಕ್‌ಡೌನ್ ಬಂದ ವರ್ಷವೇ ಅಂಕಿ ಇಳಿದಿತ್ತು! ಎರಡೂ ಸರ್ಕಾರದ್ದೇ ಅಂಕಿ. ಒಂದು ಆ ವಾರಗಳ ಸಂಕಟ ಹೇಳಿತು. ಇನ್ನೊಂದರಲ್ಲಿ ಆ ಮೂರು ತಿಂಗಳು ಇಡೀ ವರ್ಷದೊಳಗೆ ಕರಗಿಹೋಯಿತು.

ಊರಿಗೆ ಹೋದವರು ಎಲ್ಲಿ ಹೋದರು?

2020ರ ಮೇ ತಿಂಗಳು ಬೆಂಗಳೂರಿನಲ್ಲಿದ್ದವರು ಯಾರೂ ಮರೆತಿಲ್ಲ. ಗಾರೆ ಕೆಲಸದವರು, ಸೆಂಟ್ರಿಂಗ್ ಕೆಲಸದವರು, ಹೋಟೆಲ್ ಹುಡುಗರು ಮೂಟೆ ಹೊತ್ತು ತುಮಕೂರು ರಸ್ತೆಯಲ್ಲಿ, ಬಳ್ಳಾರಿ ರಸ್ತೆಯಲ್ಲಿ ನಡೆದರು. ಆ ತಿಂಗಳ ಮೊದಲ ವಾರ ರಾಜ್ಯ ಸರ್ಕಾರ ಹೊರರಾಜ್ಯದ ಕಾರ್ಮಿಕರನ್ನು ಅವರ ಊರಿಗೆ ಒಯ್ಯುವ ರೈಲುಗಳನ್ನು ಬೇಡ ಅಂದಿತು. ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು.

ಆಗ ಊರು ಸೇರಿದವರ ಲೆಕ್ಕ ಏನಾಯಿತು? ಸಮೀಕ್ಷೆ ಜನರನ್ನು ಎಣಿಸುವುದು ಅವರು ವಾಸ ಇರುವ ಮನೆಯಲ್ಲಿ. ಯಾದಗಿರಿಯ ಹುಡುಗ ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡು ಊರಿಗೆ ಹೋಗಿ ನೆಲೆಸಿದರೆ ಬೆಂಗಳೂರಿನ ಪಟ್ಟಿಯಿಂದ ಅವನು ಹೊರಗೆ. ಅಲ್ಲಿ ಅಪ್ಪನ ಜೊತೆ ಹೊಲಕ್ಕೆ ಹೋದರೆ, ಕೂಲಿ ಸಿಗದಿದ್ದರೂ ಮನೆಯ ಬೇಸಾಯಕ್ಕೆ ನೆರವಾಗುವವನು ಅಂತ ಉದ್ಯೋಗಿಗಳ ಸಾಲಿಗೆ ಬರುತ್ತಾನೆ. ಬೆಂಗಳೂರಿನಲ್ಲಿ ಕಳೆದುಹೋದ ಒಂದು ಕೆಲಸ ಹಳ್ಳಿಯಲ್ಲಿ ಒಂದು ಕೆಲಸವಾಗಿ ಕಾಣಿಸುತ್ತದೆ. ದೇಶದ ದುಡಿಯುವವರಲ್ಲಿ ಬೇಸಾಯದ ಪಾಲು 2018-19ರಲ್ಲಿ ಶೇ 42.5 ಇದ್ದದ್ದು 2020-21ಕ್ಕೆ ಶೇ 46.5 ಆಯಿತು. ಹೊಲಗಳು ದಿಢೀರನೆ ಜಾಸ್ತಿ ಜನರಿಗೆ ಕೆಲಸ ಕೊಟ್ಟವು ಅಂತ ಇದರ ಅರ್ಥ ಅಲ್ಲ. ಇದ್ದ ರೊಟ್ಟಿಯನ್ನೇ ಹೆಚ್ಚು ಜನ ಹಂಚಿಕೊಂಡರು.

ಗುಳೆ ಹೋಗುವುದು ನಮ್ಮ ರಾಯಚೂರು, ಕೊಪ್ಪಳ, ಯಾದಗಿರಿ, ಕಲಬುರಗಿ ಕಡೆ ಹೊಸದಲ್ಲ. ಮಳೆಯಾದರೆ ಊರು, ಬಿತ್ತನೆ ಕೈಕೊಟ್ಟರೆ ಬೆಂಗಳೂರು. ಈ ಓಡಾಟ ನಗರದ ನಿರುದ್ಯೋಗವನ್ನು ಸ್ಪಂಜಿನ ಹಾಗೆ ಹೀರಿಕೊಳ್ಳುತ್ತದೆ. ಅದು ಇರುವುದರಿಂದಲೇ ನಗರದ ಅಂಕಿ ಸಾಮಾನ್ಯ ದಿನಗಳಲ್ಲಿ ಅಷ್ಟೊಂದು ಕುಣಿಯುವುದಿಲ್ಲ.

ಇನ್ನೊಂದು ತೊಡಕು ಗಡಿಯದ್ದು. ಹೊಸೂರಿನಲ್ಲಿ ಬಾಡಿಗೆ ಕಡಿಮೆ ಅಂತ ಅಲ್ಲಿ ಮನೆ ಮಾಡಿ ಎಲೆಕ್ಟ್ರಾನಿಕ್ ಸಿಟಿಗೆ, ಬೊಮ್ಮಸಂದ್ರಕ್ಕೆ ಕೆಲಸಕ್ಕೆ ಬರುವವರಿದ್ದಾರೆ. ಬೊಮ್ಮಸಂದ್ರದ ಅವರ ಫ್ಯಾಕ್ಟರಿ ಮುಚ್ಚಿದರೆ ನಿರುದ್ಯೋಗ ಏರುವುದು ತಮಿಳುನಾಡಿನ ಲೆಕ್ಕದಲ್ಲಿ. ನೆಲಮಂಗಲ, ದೊಡ್ಡಬಳ್ಳಾಪುರ, ರಾಮನಗರದವರು ಬೇರೆ ಜಿಲ್ಲೆಯ ಲೆಕ್ಕದಲ್ಲಿ. ಅಮೆರಿಕದಲ್ಲಿ ನಗರ ಮತ್ತು ಅದರ ಸುತ್ತ ಓಡಾಡುವ ಪ್ರದೇಶ ಎಲ್ಲ ಸೇರಿಸಿ, ಒಂದೊಂದು ಮಹಾನಗರಕ್ಕೂ ಪ್ರತಿ ತಿಂಗಳು ನಿರುದ್ಯೋಗದ ಅಂಕಿ ಕೊಡುತ್ತಾರೆ. ನಮಗೆ ಸಾಮಾನ್ಯವಾಗಿ ಸಿಗುವುದು "ಕರ್ನಾಟಕ, ನಗರ ಪ್ರದೇಶ" ಅನ್ನುವ ಒಂದು ಅಂಕಿ. ಅದರಲ್ಲಿ ಬೆಂಗಳೂರಿನ ಜೊತೆ ಗದಗವೂ ಇದೆ, ಶಿವಮೊಗ್ಗವೂ ಇದೆ. 2025ರ ಜನವರಿಯಿಂದ ಸಮೀಕ್ಷೆಯನ್ನು ದೊಡ್ಡದು ಮಾಡಿದ್ದಾರೆ. ಮನೆಗಳನ್ನು ಆರಿಸುವಾಗ ಜಿಲ್ಲೆಯನ್ನು ಮೂಲ ಘಟಕ ಮಾಡಿಕೊಂಡಿದ್ದಾರೆ. ದೇಶದ ಅಂಕಿ ಈಗ ಪ್ರತಿ ತಿಂಗಳು ಬರುತ್ತದೆ. ಅದರ ಮೊದಲ ಅಂಕಿ 2025ರ ಏಪ್ರಿಲ್‌ನದು, ವಾರದ ಅಳತೆಯಲ್ಲಿ ಶೇ 5.1. ಇದು ಒಳ್ಳೆಯ ಬದಲಾವಣೆ. ಆದರೆ ತಿಂಗಳ ಅಂಕಿ ಅರ್ಧ ಪಾಯಿಂಟ್ ಏರಿದ ಕೂಡಲೇ ಹೌಹಾರಬೇಡಿ, ಇಳಿದ ಕೂಡಲೇ ಹಿಗ್ಗಬೇಡಿ. ಕೆಲವು ಮನೆಗಳನ್ನು ಕೇಳಿ ಎಲ್ಲರ ಬಗ್ಗೆ ಅಂದಾಜು ಮಾಡುವ ಲೆಕ್ಕದಲ್ಲಿ ಅಷ್ಟು ಅಲುಗಾಟ ಇದ್ದೇ ಇರುತ್ತದೆ. ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ ನೋಡುವುದು ವಾಸಿ.

ಬಡವರು ನಿರುದ್ಯೋಗಿಗಳಾಗಿ ಇರೋಕೆ ಆಗಲ್ಲ

ಈ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದು. ನಮ್ಮ ದೇಶದ ಅಂಕಿಗಳಲ್ಲಿ ಓದು ಬರಹ ಬಾರದವರ ನಿರುದ್ಯೋಗ ಶೇ 1ಕ್ಕಿಂತ ಕಡಿಮೆ. ಓದು ಹೆಚ್ಚಾದ ಹಾಗೆ ನಿರುದ್ಯೋಗವೂ ಏರುತ್ತದೆ. 15ರಿಂದ 29 ವಯಸ್ಸಿನವರಲ್ಲಿ 2023-24ರಲ್ಲಿ, ವರ್ಷದ ಅಳತೆಯಲ್ಲಿ, ನಿರುದ್ಯೋಗ ಶೇ 10.2. ಎಲ್ಲ ವಯಸ್ಸಿನವರ ಅಂಕಿ ಶೇ 3.2.

ಓದದವರಿಗೆ ಕೆಲಸ ಸುಲಭವಾಗಿ ಸಿಗುತ್ತದೆ ಅಂತ ಇದನ್ನು ಓದಬೇಡಿ. ಬೆಳಿಗ್ಗೆ ಏಳಕ್ಕೆ ಕೂಲಿಯವರು ನಿಲ್ಲುವ ಯಾವುದಾದರೂ ಸರ್ಕಲ್‌ಗೆ ಹೋಗಿ ನೋಡಿ. ಗಂಡಸರು ಕರಣೆ, ಗುದ್ದಲಿ ಹಿಡಿದು, ಹೆಂಗಸರು ಬಾಂಡ್ಲಿ, ಊಟದ ಡಬ್ಬಿ ಹಿಡಿದು ನಿಂತಿರುತ್ತಾರೆ. ಮೇಸ್ತ್ರಿ ಗಾಡಿ ನಿಲ್ಲಿಸಿದರೆ ಹತ್ತು ಜನ ಸುತ್ತುತ್ತಾರೆ. ಒಂಬತ್ತು ಗಂಟೆಯಾದ ಮೇಲೂ ನಿಂತಿರುವವರಿಗೆ ಆ ದಿನ ಕೆಲಸ ಇಲ್ಲ. ಅವರು ಡಬ್ಬಿಯನ್ನು ಅಲ್ಲೇ ಬಿಚ್ಚಿ ಉಂಡು ವಾಪಸ್ ಹೋಗುತ್ತಾರೆ. ವಾರಕ್ಕೆ ಎರಡು ದಿನ ಕೂಲಿ ಸಿಕ್ಕಿದರೂ ವಾರದ ಅಳತೆಯಲ್ಲಿ ಅವರು ಉದ್ಯೋಗಿ. ಉಳಿದ ನಾಲ್ಕೈದು ದಿನದ ಖಾಲಿ ಕೈ ನಿರುದ್ಯೋಗ ಪ್ರಮಾಣದಲ್ಲಿ ಕಾಣುವುದಿಲ್ಲ.

ಕೆಲಸ ಹುಡುಕುತ್ತಾ ತಿಂಗಳುಗಟ್ಟಲೆ ಕೂರಬೇಕಾದರೆ ಅಷ್ಟು ದಿನ ಊಟ ಹಾಕುವವರು ಬೇಕು. ಅಪ್ಪನ ಪಿಂಚಣಿ, ಅಣ್ಣನ ಸಂಬಳ ಇರುವ ಬಿ.ಕಾಂ. ಹುಡುಗ ಕಾಯಬಲ್ಲ. ಗಾರೆ ಕೆಲಸದವರ ಮಗ ಕಾಯಲಾರ. ಅವನು ಒಂದು ಬೈಕು, ಒಂದು ಫೋನು ಇದ್ದರೆ ಮಾರನೇ ದಿನವೇ ಡೆಲಿವರಿಗೆ ಹೊರಡುತ್ತಾನೆ. ಆ ಕ್ಷಣದಿಂದ ಅವನು ನಿರುದ್ಯೋಗಿ ಅಲ್ಲ. ಆರ್ಡರ್ ಬಾರದೆ ಹೋಟೆಲ್ ಮುಂದೆ ಬೈಕಿನ ಮೇಲೆ ಕೂತು ಕಾದ ಗಂಟೆಗಳಿಗೆ ಸಾಮಾನ್ಯವಾಗಿ ದುಡ್ಡಿಲ್ಲ, ಪೆಟ್ರೋಲ್ ಅವನದೇ. ದೇಶದಲ್ಲಿ ಇಂಥ ಗಿಗ್ ಕೆಲಸದವರು 2020-21ರಲ್ಲಿ 77 ಲಕ್ಷ ಇದ್ದರು ಅಂತ ನೀತಿ ಆಯೋಗ ಅಂದಾಜು ಮಾಡಿತ್ತು. ಕರ್ನಾಟಕ 2025ರಲ್ಲಿ ಇವರ ಸಾಮಾಜಿಕ ಭದ್ರತೆಗಾಗಿ ಪ್ರತ್ಯೇಕ ಕಾನೂನು ತಂದಿದೆ.

ಓದಿದವರಲ್ಲೂ ಲೆಕ್ಕದಿಂದ ಹೊರಗೆ ಉಳಿಯುವವರಿದ್ದಾರೆ. ವಿಜಯನಗರದ ಕೋಚಿಂಗ್ ಸೆಂಟರ್‌ಗಳ ಸುತ್ತ ಪಿಜಿಯಲ್ಲಿ ಇದ್ದುಕೊಂಡು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಸರ್ಕಾರಿ ಹುದ್ದೆಗೆ ಓದುವ ಹುಡುಗ ಹುಡುಗಿಯರು "ಓದ್ತಾ ಇದೀವಿ" ಅಂದರೆ ಅವರು ವಿದ್ಯಾರ್ಥಿಗಳು. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಹೊರಗೆ ಬಂದು 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಇಪ್ಪತ್ತೇಳು ತಿಂಗಳು! ಆ ಹೊತ್ತಿಗೆ ಊರಲ್ಲಿ ಎಷ್ಟು ಅಪ್ಪಂದಿರು ಸಾಲ ಮಾಡಿ ಪಿಜಿ ಬಾಡಿಗೆ ಕಳಿಸಿದ್ದರೋ.

ಬೆಂಗಳೂರು ಕೆಲಸ ಕಳೆದುಕೊಂಡ ಬಗೆ

ಈ ಊರಿಗೆ ಕೆಲಸ ಹೋಗುವುದು ಹೊಸದಲ್ಲ. ಪ್ರತಿ ಸಲವೂ ಹೋದ ಕೆಲಸಕ್ಕಿಂತ ಬಂದ ಕೆಲಸದ ರೂಪ ಬೇರೆ. 1884ರಲ್ಲಿ ಶುರುವಾದ ಬಿನ್ನಿ ಮಿಲ್, ಮಲ್ಲೇಶ್ವರದ ರಾಜಾ ಮಿಲ್ ಈಗ ಇಲ್ಲ. ರಾಜಾ ಮಿಲ್ ಇದ್ದ ಜಾಗದಲ್ಲಿ ಮಾಲ್ ಇದೆ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್‌ನಂಥ ಸರ್ಕಾರಿ ಕಾರ್ಖಾನೆಗಳ ಕಾಲದಲ್ಲಿ ಒಂದು ಕೆಲಸ ಅಂದರೆ ಕ್ವಾರ್ಟರ್ಸ್, ಕ್ಯಾಂಟೀನ್, ಫ್ಯಾಕ್ಟರಿ ಬಸ್ಸು, ಮಕ್ಕಳಿಗೆ ಶಾಲೆ. 1980-81ರಲ್ಲಿ ಈ ಕಾರ್ಖಾನೆಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು 77 ದಿನ ಮುಷ್ಕರ ಮಾಡಿದ್ದರು. ಬೈಯಪ್ಪನಹಳ್ಳಿಯಲ್ಲಿ ಮೋಟಾರು, ಟ್ರಾನ್ಸ್‌ಫಾರ್ಮರ್ ಮಾಡುತ್ತಿದ್ದ ಎನ್‌ಜಿಇಎಫ್ ಕಾರ್ಖಾನೆ 2002ರಲ್ಲಿ ಮುಚ್ಚಿತು. ಎಚ್‌ಎಂಟಿ ಕೈಗಡಿಯಾರ ಮಾಡುವುದನ್ನು ನಿಲ್ಲಿಸಿತು. ಅದೇ ವರ್ಷಗಳಲ್ಲಿ ಐಟಿ ಬಂತು, ಗಾರ್ಮೆಂಟ್ಸ್ ಬಂತು. ಒಟ್ಟು ಕೆಲಸ ಜಾಸ್ತಿಯೇ ಆಯಿತು. ಆದರೆ ಎನ್‌ಜಿಇಎಫ್‌ನ ಫಿಟ್ಟರ್ ಐಟಿಗೆ ಹೋಗಲಿಲ್ಲ. ಅವರು ಆಟೋ ಓಡಿಸಿದರು, ಸೆಕ್ಯುರಿಟಿ ಕೆಲಸಕ್ಕೆ ಸೇರಿದರು.

ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕಥೆ ನಿರುದ್ಯೋಗದ ಬಗ್ಗೆ ಒಂದು ಪಾಠವನ್ನೇ ಹೇಳುತ್ತದೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ದುಡ್ಡನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ನಗರ ನಿಂತುಹೋಯಿತು. ಎರಡನೇ ದಿನವೇ ಸರ್ಕಾರ ಆದೇಶ ವಾಪಸ್ ತೆಗೆದುಕೊಂಡಿತು. ನಿವೃತ್ತಿಯ ದುಡ್ಡಿಗೆ ಇಷ್ಟು ಆತುರ ಯಾಕೆ ಅಂತ ಆಗ ಎಷ್ಟೋ ಜನ ಕೇಳಿದ್ದರು. ಅವರಿಗೆ ಅದು ನಿವೃತ್ತಿಯ ದುಡ್ಡು ಆಗಿರಲೇ ಇಲ್ಲ. ಕೆಲಸ ಹೋದ ಮೇಲೆ, ಮುಂದಿನ ಕೆಲಸ ಸಿಗುವವರೆಗೆ ಮನೆ ನಡೆಸುವ ದುಡ್ಡು ಅದು. ಬೇರೆ ದೇಶಗಳಲ್ಲಿ ನಿರುದ್ಯೋಗ ಭತ್ಯೆ ಮಾಡುವ ಕೆಲಸವನ್ನು ಇಲ್ಲಿ ಅವರ ಪಿಎಫ್ ಮಾಡುತ್ತಿತ್ತು.

ಭತ್ಯೆ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಇಎಸ್‌ಐ ಇರುವವರಿಗೆ 2018ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಬಂತು. ಕೆಲಸ ಹೋದರೆ 90 ದಿನದವರೆಗೆ ಸಂಬಳದ ಒಂದು ಪಾಲು. ಅದು ಮೊದಲು ಶೇ 25 ಇತ್ತು, ಕೊರೊನಾ ಕಾಲದಲ್ಲಿ ಶೇ 50 ಮಾಡಿದರು. ನಮ್ಮ ಅಕ್ಕನಿಗೆ ಇದು ಗೊತ್ತೇ ಇರಲಿಲ್ಲ. ಅವರ ಲೈನಿನಲ್ಲಿ ಇದ್ದ ಯಾರಿಗೂ ಗೊತ್ತಿರಲಿಲ್ಲ. ರಾಜ್ಯದ ಯುವನಿಧಿ ಬೇರೆ. ಅದು ಹೊಸದಾಗಿ ಪದವಿ ಮುಗಿಸಿದವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ನಲವತ್ತು ದಾಟಿದ ಟೈಲರ್‌ಗೆ ಅಲ್ಲಿ ಜಾಗ ಇಲ್ಲ. ಐಟಿಯಲ್ಲಿ ಕೆಲಸ ಹೋದವರಿಗೂ ಸಾಮಾನ್ಯವಾಗಿ ಎರಡೂ ಇಲ್ಲ. ಇಎಸ್‌ಐಗೆ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ಎಷ್ಟೋ ಕಡೆ ಅವರಿಂದಲೇ ರಾಜೀನಾಮೆ ಬರೆಸಿಕೊಳ್ಳುವುದರಿಂದ, ತೆಗೆದರು ಅನ್ನುವುದಕ್ಕೆ ಕಾಗದವೂ ಇರುವುದಿಲ್ಲ.

ಪಿಎಫ್ ಕಚೇರಿ ಪ್ರತಿ ತಿಂಗಳು "ಇಷ್ಟು ಲಕ್ಷ ಹೊಸ ಸದಸ್ಯರು" ಅಂತ ಹೇಳುವುದನ್ನೂ ನೀವು ನೋಡಿರುತ್ತೀರಿ. ಅವೆಲ್ಲ ಹೊಸ ಕೆಲಸಗಳಲ್ಲ. ಮೊದಲೇ ದುಡಿಯುತ್ತಿದ್ದವರ ಕಂಪನಿ ಪಿಎಫ್ ಕಟ್ಟೋಕೆ ಶುರು ಮಾಡಿದರೂ ಅವರು ಹೊಸ ಸದಸ್ಯರೇ. ಅದು ಒಳ್ಳೆಯ ಸುದ್ದಿಯೇ, ಆದರೆ ಬೇರೆ ಸುದ್ದಿ.

ಮುಂದಿನ ಸಲ ಅಂಕಿ ಬಂದಾಗ ಇಷ್ಟು ನೋಡಿ. ವಾರದ್ದೋ ವರ್ಷದ್ದೋ, ನಗರದ್ದೋ ಇಡೀ ರಾಜ್ಯದ್ದೋ. ಕೆಲಸ ಮಾಡುವವರ ಪಾಲು ಏರಿತೋ ಇಳಿಯಿತೋ, ಹೆಣ್ಣುಮಕ್ಕಳದ್ದು ಎಷ್ಟು. ಸಿಕ್ಕಿದರೆ ಇನ್ನೊಂದು ಪುಟ ತಿರುಗಿಸಿ, ತಿಂಗಳ ಸಂಬಳದ ಕೆಲಸದವರು ಎಷ್ಟು, ಸ್ವಂತ ದುಡಿಮೆಯವರು ಎಷ್ಟು, ಕೂಲಿಯವರು ಎಷ್ಟು ಅಂತ ನೋಡಿ. ಅಕ್ಕ ಟೈಲರ್ ಆಗಿದ್ದಾಗ ಮೊದಲನೇ ಸಾಲಿನಲ್ಲಿ ಇದ್ದರು. ಹೂವು ಕಟ್ಟುವಾಗ ಎರಡನೇ ಸಾಲಿಗೆ ಬಂದಿದ್ದಾರೆ. ನಿರುದ್ಯೋಗದ ಅಂಕಿ ಅಲುಗಲಿಲ್ಲ. ಅವರ ಆದಾಯ ಅರ್ಧಕ್ಕಿಂತ ಕೆಳಗೆ ಹೋಯಿತು, ಪಿಎಫ್ ನಿಂತಿತು, ಇಎಸ್‌ಐ ಕಾರ್ಡು ಕಪಾಟಿನಲ್ಲಿದೆ.

ಮೊನ್ನೆ ಅವರ ಮಗಳು ಆ ಕಾರ್ಡು ಹುಡುಕಿ ತೆಗೆದಳು. ಭತ್ಯೆಗೆ ಈಗಲೂ ಅರ್ಜಿ ಹಾಕಬಹುದಾ, ಅವಧಿ ಮುಗಿದಿದೆಯಾ ಅಂತ ಕೇಳೋಕೆ ಸೋಮವಾರ ಇಬ್ಬರೂ ಇಎಸ್‌ಐ ಕಚೇರಿಗೆ ಹೋಗುತ್ತಿದ್ದಾರೆ. ಆ ಒಂದು ದಿನಕ್ಕೆ ಹೂವು ಬೇಡ ಅಂತ ಸ್ಕೂಟರಿನವರಿಗೆ ಹೇಳಿದ್ದಾರೆ.